ಟ್ರೇಡಿಂಗ್ ಫ್ಲೋರ್‌ನಲ್ಲಿ ಮಿತಭಾಷಿಯ ಕುರ್ಚಿ ಯಾವುದು?

ಸಿನಿಮಾದವರಿಗೆ ಷೇರುಪೇಟೆ ಎಂದರೆ ಗಂಟಲು. ಎರಡು ಕಿವಿಗೆ ಎರಡು ಫೋನು, ಸಡಿಲಗೊಂಡ ಟೈ, ಮೇಜು ಕುಟ್ಟಿ ‘ಬೈ, ಸೆಲ್’ ಎಂದು ಅರಚುವ ಗಂಡಸರು. ಇದನ್ನೇ ನೋಡಿ ಬೆಳೆದವರ ಮನೆಯಲ್ಲಿ, ನಾಲ್ಕು ಜನರ ನಡುವೆ ಬಾಯಿ ಬಿಡದ ಮಗಳು ಬಿಕಾಂ ಮುಗಿಸಿ ‘ಟ್ರೇಡಿಂಗ್ ಕೆಲಸಕ್ಕೆ ಅರ್ಜಿ ಹಾಕ್ತೀನಿ’ ಎಂದರೆ ‘ಅದು ನಿನ್ನಂಥವರಿಗಲ್ಲಮ್ಮ’ ಎಂಬ ಉತ್ತರ ಸಿದ್ಧವಿರುತ್ತದೆ. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಎಂಬ ಮಾತು ಬೇರೆ ಬೆನ್ನಿಗಿದೆ.

ಆದರೆ ಮುಂಬೈನ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನಲ್ಲಿರುವ ಇಂದಿನ ಡೀಲಿಂಗ್ ರೂಮುಗಳಲ್ಲಿ ಬೆಳಗ್ಗೆ 9.15ಕ್ಕೆ ಪೇಟೆ ತೆರೆಯುವಾಗ ಕೇಳಿಸುವುದು ಹೆಚ್ಚಾಗಿ ಕೀಬೋರ್ಡಿನ ಸದ್ದು. ಒಬ್ಬೊಬ್ಬರ ಮುಂದೆ ಮೂರು, ನಾಲ್ಕು, ಆರು ಪರದೆಗಳು. ಅಲ್ಲೊಬ್ಬರು ಇಲ್ಲೊಬ್ಬರು ಫೋನಿನಲ್ಲಿ ಚುಟುಕಾಗಿ ಮಾತಾಡುತ್ತಾರೆ. ಮಿಕ್ಕ ಮಾತೆಲ್ಲ ಚಾಟ್ ಕಿಟಕಿಗಳಲ್ಲಿ ನಡೆಯುತ್ತದೆ.

ಹಾಗೆಂದು ಸಿನಿಮಾ ತೋರಿಸಿದ್ದು ಪೂರ್ತಿ ಸುಳ್ಳಲ್ಲ, ಹಳೆಯದು ಅಷ್ಟೆ. 1875ರಲ್ಲಿ ಹುಟ್ಟಿದ ಬಾಂಬೆ ಷೇರುಪೇಟೆಯಲ್ಲಿ, 1995ರಲ್ಲಿ ‘ಬೋಲ್ಟ್’ ಎಂಬ ಕಂಪ್ಯೂಟರ್ ವ್ಯವಸ್ಥೆ ಬರುವವರೆಗೂ, ವಹಿವಾಟು ನಡೆಯುತ್ತಿದ್ದದ್ದು ದಲಾಲ್ ಸ್ಟ್ರೀಟಿನ ‘ರಿಂಗ್’ನಲ್ಲಿ. ಜಾಬರ್‌ಗಳು ಕೊಳ್ಳುವ ದರ, ಮಾರುವ ದರ ಎರಡನ್ನೂ ಕೂಗುತ್ತಿದ್ದರು. ಆ ನೂಕುನುಗ್ಗಲಿನಲ್ಲಿ ದನಿ ಏರಿಸಲಾರದವರಿಗೆ ವ್ಯಾಪಾರ ಗಿಟ್ಟುವುದು ಕಷ್ಟವಿತ್ತು. ಶಿಕಾಗೋದ ಫ್ಯೂಚರ್ಸ್ ಪೇಟೆಯಲ್ಲಿ ಗಂಟಲಿನ ಜೊತೆ ಕೈಗೂ ಕೆಲಸವಿತ್ತು: ಅಂಗೈ ತನ್ನತ್ತ ತಿರುಗಿದ್ದರೆ ಕೊಳ್ಳುತ್ತೇನೆ, ಹೊರಕ್ಕೆ ತಿರುಗಿದ್ದರೆ ಮಾರುತ್ತೇನೆ ಎಂದರ್ಥ. ಅಲ್ಲಿನ ಬಹುಪಾಲು ಫ್ಯೂಚರ್ಸ್ ಅಂಕಣಗಳು 2015ರ ಜುಲೈನಲ್ಲಿ ಮುಚ್ಚಿದವು. ಕೆಂಪು ಸೋಫಾಗಳ ಮೇಲೆ ದುಂಡಗೆ ಕುಳಿತು ತಾಮ್ರ, ಅಲ್ಯೂಮಿನಿಯಂಗಳನ್ನು ಕೂಗಿ ಮಾರುವ ಲಂಡನ್ ಮೆಟಲ್ ಎಕ್ಸ್‌ಚೇಂಜಿನ ರಿಂಗ್‌ನಂಥವು ಈಗ ಅಪರೂಪ.

ನಮ್ಮಲ್ಲಿ ಈ ಬದಲಾವಣೆ ಬೇಗನೆ ಆಯಿತು. 1994ರ ನವೆಂಬರಿನಲ್ಲಿ ಷೇರು ವಹಿವಾಟು ಆರಂಭಿಸಿದ ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜಿನಲ್ಲಿ ಕೂಗುವ ಜಾಗವೆಂಬುದೇ ಇರಲಿಲ್ಲ; ಮೊದಲ ದಿನದಿಂದಲೂ ಎಲ್ಲವೂ ಪರದೆಯ ಮೇಲೆ. ಸರ್ಕಾರಿ ಸಾಲಪತ್ರಗಳ ವ್ಯಾಪಾರಕ್ಕೆ ರಿಸರ್ವ್ ಬ್ಯಾಂಕ್ 2005ರಲ್ಲಿ ತಂದ ಎನ್‌ಡಿಎಸ್-ಒಎಂ ವ್ಯವಸ್ಥೆಯಲ್ಲಂತೂ ಎದುರಿನ ಪಾರ್ಟಿ ಯಾರೆಂಬುದೂ ಪರದೆಯ ಮೇಲೆ ಕಾಣಿಸದು. ನ್ಯೂಯಾರ್ಕಿನ ಗೋಲ್ಡ್‌ಮನ್ ಸ್ಯಾಕ್ಸ್ ಕೇಂದ್ರ ಕಚೇರಿಯಲ್ಲಿ 2000ನೇ ಇಸವಿಯಲ್ಲಿ ಅಮೆರಿಕದ ಷೇರುಗಳನ್ನು ಕೊಂಡು ಮಾರಲು 600 ಟ್ರೇಡರ್‌ಗಳಿದ್ದರು, 2017ರ ಹೊತ್ತಿಗೆ ಉಳಿದವರು ಇಬ್ಬರು ಎಂದು ಆ ಸಂಸ್ಥೆಯ ಹಿರಿಯ ಅಧಿಕಾರಿಯೇ ಸಭೆಯೊಂದರಲ್ಲಿ ಹೇಳಿದ್ದರು. ಹೋದವರ ಕೆಲಸವನ್ನು ಪ್ರೋಗ್ರಾಂಗಳು ವಹಿಸಿಕೊಂಡವು, ಅವುಗಳ ಹಿಂದೆ 200 ಮಂದಿ ಕಂಪ್ಯೂಟರ್ ಎಂಜಿನಿಯರ್‌ಗಳು ಬಂದು ಕುಳಿತರು.

ಟ್ರೇಡರ್‌ಗೆಂದೇ ಒಂದು ಸ್ವಭಾವ ಇದೆಯೇ?

ಎಂಐಟಿಯ ಅರ್ಥಶಾಸ್ತ್ರಜ್ಞ ಆಂಡ್ರ್ಯೂ ಲೋ ಮತ್ತು ಸಹೋದ್ಯೋಗಿಗಳು ಇದನ್ನು ನೇರವಾಗಿಯೇ ಪರೀಕ್ಷಿಸಿದರು. ಡೇ ಟ್ರೇಡಿಂಗ್ ತರಬೇತಿಗೆ ಸೇರಿದ್ದ 80 ಮಂದಿಯ ಸ್ವಭಾವವನ್ನು ಪ್ರಶ್ನಾವಳಿಗಳಿಂದ ಅಳೆದು, ಐದು ವಾರ ಅವರ ಭಾವನೆಗಳನ್ನೂ ಲಾಭ-ನಷ್ಟವನ್ನೂ ಪಕ್ಕಪಕ್ಕ ಇಟ್ಟು ನೋಡಿದರು. 2005ರಲ್ಲಿ ಪ್ರಕಟವಾದ ಫಲಿತಾಂಶ ಎರಡು ಮಾತು ಹೇಳಿತು. ಲಾಭಕ್ಕೆ ಹಿರಿಹಿರಿ ಹಿಗ್ಗಿ ನಷ್ಟಕ್ಕೆ ಕುಸಿದು ಕೂರುವವರ ವ್ಯಾಪಾರ ಕಳಪೆಯಾಗಿತ್ತು. ಆದರೆ ‘ಇಂಥ ಸ್ವಭಾವದವರೇ ಒಳ್ಳೆಯ ಟ್ರೇಡರ್’ ಎನ್ನಬಹುದಾದ ಯಾವ ಮಾದರಿಯೂ ಸಿಗಲಿಲ್ಲ. ವಾಚಾಳಿ, ಮಿತಭಾಷಿ ಎಂಬ ಭೇದ ಅಲ್ಲಿ ನಿಲ್ಲಲಿಲ್ಲ.

ಇದಕ್ಕೂ ಇಪ್ಪತ್ತು ವರ್ಷ ಮೊದಲೇ ಶಿಕಾಗೋದ ರಿಚರ್ಡ್ ಡೆನ್ನಿಸ್ ಎಂಬ ಪ್ರಸಿದ್ಧ ಟ್ರೇಡರ್ ಇದೇ ಪ್ರಶ್ನೆಗೆ ತನ್ನದೇ ದುಡ್ಡು ಹಾಕಿದ್ದ. ಟ್ರೇಡಿಂಗ್ ಹುಟ್ಟುಗುಣವೋ ಕಲಿಸಬಹುದಾದ ವಿದ್ಯೆಯೋ ಎಂದು ಪಾಲುದಾರ ವಿಲಿಯಂ ಎಕ್‌ಹಾರ್ಟ್ ಜೊತೆ ವಾದ ಬಿದ್ದಾಗ, 1983ರಲ್ಲಿ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ನಾನಾ ಹಿನ್ನೆಲೆಯವರನ್ನು ಆರಿಸಿದ. ಎರಡು ವಾರ ನಿಯಮಗಳನ್ನು ಕಲಿಸಿ ಕೈಗೆ ಹಣ ಕೊಟ್ಟ. ‘ಟರ್ಟಲ್ಸ್’ ಎಂದು ಹೆಸರಾದ ಅವರಲ್ಲಿ ಹಲವರು ಮುಂದೆ ಸ್ವಂತ ಸಂಸ್ಥೆಗಳನ್ನೇ ಕಟ್ಟಿದರು. ಡೆನ್ನಿಸ್ ಕಲಿಸಿದ್ದು ಯಾವಾಗ ಕೊಳ್ಳಬೇಕು, ಎಷ್ಟು ಕೊಳ್ಳಬೇಕು, ಯಾವಾಗ ಸುಮ್ಮನೆ ಹೊರಬರಬೇಕು ಎಂಬುದನ್ನು. ಅದರಲ್ಲಿ ದನಿ ಏರಿಸುವ ಪಾಠವಿರಲಿಲ್ಲ.

ಇಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಕಡಿಮೆ ಮಾತು ಬೇರೆ, ಸಂಕೋಚ ಬೇರೆ. ಮಿತಭಾಷಿಗೆ ಗುಂಪಿನಲ್ಲಿ ದಣಿವಾಗುತ್ತದೆ, ಒಬ್ಬರೇ ಕುಳಿತಾಗ ತಲೆ ಚುರುಕಾಗಿ ಓಡುತ್ತದೆ. ಸಂಕೋಚದವರಿಗೆ ಹೇಳಬೇಕಾದ್ದು ಗೊತ್ತಿದ್ದೂ ‘ಏನಂದುಕೊಳ್ಳುತ್ತಾರೋ’ ಎಂದು ನಾಲಿಗೆ ತಡೆಯುತ್ತದೆ. ಫ್ಲೋರ್‌ನಲ್ಲಿ ಮೊದಲನೆಯದು ಅಡ್ಡಿಯಲ್ಲ, ಎರಡನೆಯದು ದುಬಾರಿಯಾಗಬಹುದು. ಏಕೆಂದರೆ ಅಲ್ಲಿನ ಅತಿ ಮೌನದ ಕುರ್ಚಿಯಲ್ಲೂ ಬಾಯಿ ಬಿಡಲೇಬೇಕಾದ ಒಂದು ಗಳಿಗೆ ಬರುತ್ತದೆ. ಅದು ಯಾವಾಗ, ಯಾರ ಎದುರು ಬರುತ್ತದೆ ಎಂಬುದು ಕುರ್ಚಿಯಿಂದ ಕುರ್ಚಿಗೆ ಬೇರೆ. ಕೆಲಸ ಆರಿಸುವವರು ದಿನಕ್ಕೆ ಎಷ್ಟು ಮಾತಾಡಬೇಕು ಎಂದು ಕೇಳುವುದಕ್ಕಿಂತ ಆ ಗಳಿಗೆಯನ್ನು ಹುಡುಕಿ ನೋಡುವುದು ಲೇಸು.

ಮಾತೇ ಬಂಡವಾಳವಾದ ಸಾಲು

ಸೇಲ್ಸ್ ಸಾಲಿನವರಿಗೆ ಆ ಗಳಿಗೆ ದಿನವಿಡೀ ಇರುತ್ತದೆ. ಮ್ಯೂಚುವಲ್ ಫಂಡ್, ವಿಮಾ ಕಂಪನಿ, ವಿದೇಶಿ ಹೂಡಿಕೆದಾರರಿಗೆ ಬೆಳಗ್ಗೆಯೇ ಫೋನು ಹಚ್ಚಿ, ರಾತ್ರಿ ಅಮೆರಿಕದಲ್ಲಿ ಏನಾಯಿತು, ನಮ್ಮ ವಿಶ್ಲೇಷಕರು ಏನನ್ನುತ್ತಾರೆ, ಯಾರು ಯಾವ ಷೇರು ಕೇಳುತ್ತಿದ್ದಾರೆ ಎಂದು ಹೇಳಬೇಕು. ಸಂಜೆಯ ಊಟವೂ ಕೆಲಸದ ಭಾಗವೇ. ಮಿತಭಾಷಿಗಳು ಇಲ್ಲಿ ಗೆದ್ದ ಉದಾಹರಣೆಗಳಿಲ್ಲವೆಂದಲ್ಲ. ಕಡಿಮೆ ಆಡಿ ಸರಿಯಾದ್ದನ್ನೇ ಆಡುವವರನ್ನು ಗ್ರಾಹಕರು ನಂಬುತ್ತಾರೆ. ಆದರೂ ಸಂಜೆ ಹೊತ್ತಿಗೆ ಹಿಂಡಿ ಹಿಪ್ಪೆಯಾಗುವವರು ಬೇರೆ ಸಾಲು ನೋಡುವುದು ಒಳಿತು.

ಪಕ್ಕದ ಸಾಲಿನ ಮಾರ್ಕೆಟ್ ಮೇಕರ್ ಕಥೆ ಬೇರೆ. ಬ್ಯಾಂಕಿನ ಟ್ರೆಷರಿಯಲ್ಲಿ ಡಾಲರ್ ಡೀಲರ್ ಕುಳಿತಿದ್ದಾರೆ ಎನ್ನಿ. ಬೆಲೆ 85 ರೂಪಾಯಿ 50 ಪೈಸೆಯ ಆಸುಪಾಸು. ಆ ಕಡೆಯಿಂದ ದರ ಕೇಳಿದರೆ ಡೀಲರ್ ಅಷ್ಟುದ್ದ ಹೇಳುವುದಿಲ್ಲ, ‘ಫಿಫ್ಟಿ, ಫಿಫ್ಟಿ ಒನ್’ ಎಂದಷ್ಟೇ ಅನ್ನುತ್ತಾರೆ. 50 ಪೈಸೆಗೆ ಕೊಳ್ಳುತ್ತೇನೆ, 51ಕ್ಕೆ ಮಾರುತ್ತೇನೆ ಎಂಬುದು ಅದರ ತಾತ್ಪರ್ಯ. ಎದುರಿನವರು ‘ಮೈನ್’ ಎಂದರೆ ಅವರು ಡಾಲರ್ ಕೊಂಡಾಯಿತು, ‘ಯುವರ್ಸ್’ ಎಂದರೆ ಮಾರಿಯಾಯಿತು. ಒಂದೇ ಪದಕ್ಕೆ ಕೋಟಿಗಟ್ಟಲೆ ರೂಪಾಯಿ ಕೈ ಬದಲಾಗುತ್ತದೆ, ಫೋನ್ ರೆಕಾರ್ಡ್ ಆಗುತ್ತಿರುತ್ತದೆ, ‘ಅಲ್ಲ, ನಾನಂದದ್ದು ಹಾಗಲ್ಲ’ ಎನ್ನುವಂತಿಲ್ಲ. ಎದುರಿನವರು ಕೊಂಡಿದ್ದರೆ, ಮಾರಿದ ಡಾಲರನ್ನು 51 ಪೈಸೆಯೊಳಗೆ ಮತ್ತೆಲ್ಲಿಂದಲಾದರೂ ಹೊಂದಿಸುವ ಓಟ ಅಲ್ಲಿಂದ ಶುರು.

ಇಲ್ಲಿ ಮಾತು ಬಲು ಕಡಿಮೆ, ವೇಗ ವಿಪರೀತ. ಸಾವಧಾನವಾಗಿ ಯೋಚಿಸಿ ಉತ್ತರಿಸುವ ಸ್ವಭಾವದವರಿಗೆ ಸದ್ದಿಗಿಂತ ಈ ವೇಗವೇ ಹೆಚ್ಚು ಕಾಡುತ್ತದೆ. ಶಾಂತವಾಗಿದ್ದೂ ಚಟಕ್ಕನೆ ನಿರ್ಧರಿಸಬಲ್ಲವರಿಗೆ ಹೇಳಿ ಮಾಡಿಸಿದ ಜಾಗ.

ಫಂಡ್ ಸಂಸ್ಥೆಗಳ ಡೀಲರ್‌ಗಳು ಇದೇ ಕೆಲಸವನ್ನು ನಿಧಾನಗತಿಯಲ್ಲಿ ಮಾಡುತ್ತಾರೆ. ಫಂಡ್ ಮ್ಯಾನೇಜರ್ ಹತ್ತು ಲಕ್ಷ ಷೇರು ಕೊಳ್ಳಲು ಹೇಳಿದರೆ, ಪೇಟೆಗೆ ಸುಳಿವು ಸಿಕ್ಕಿ ಬೆಲೆ ಏರದಂತೆ ಅದನ್ನು ಚೂರುಚೂರಾಗಿ ದಿನವಿಡೀ ಹರಡುತ್ತಾರೆ. ಗುಟ್ಟು ಕಾಯುವುದೇ ಇಲ್ಲಿನ ಕಸುಬು. ಬಾಯಿ ಸಡಿಲವಿದ್ದವರನ್ನು ಈ ಕುರ್ಚಿಯ ಹತ್ತಿರವೂ ಬಿಡುವುದಿಲ್ಲ.

ಒಂಟಿಯಾಗಿ ಯೋಚಿಸುವವರ ಮೂಲೆ

ಗಣಿತ, ಪ್ರೋಗ್ರಾಮಿಂಗ್ ಬಲ್ಲ ಮೌನಿಗಳಿಗೆ ಥಟ್ಟನೆ ಹೊಳೆಯುವುದು ‘ಕ್ವಾಂಟ್’ ಕೆಲಸ. ಈ ದಾರಿಯನ್ನು ಹೆದ್ದಾರಿ ಮಾಡಿದವರು ಜಿಮ್ ಸೈಮನ್ಸ್. ಶೀತಲ ಸಮರದ ಕಾಲದಲ್ಲಿ ಗುಪ್ತಲಿಪಿ ಬಿಡಿಸುತ್ತಿದ್ದ ಗಣಿತಜ್ಞ 1978ರಲ್ಲಿ ಪೇಟೆಗಿಳಿದು, ಮುಂದೆ ರೆನೈಸಾನ್ಸ್ ಟೆಕ್ನಾಲಜೀಸ್ ಕಟ್ಟಿದರು. ಕೆಲಸಕ್ಕೆ ತೆಗೆದುಕೊಂಡದ್ದು ಗಣಿತಜ್ಞರನ್ನು, ಭೌತವಿಜ್ಞಾನಿಗಳನ್ನು. ಕಂಪ್ಯೂಟರಿಗೆ ಮನುಷ್ಯರ ಮಾತು ಅರ್ಥವಾಗುವಂತೆ ಮಾಡುವ ಐಬಿಎಂ ತಂಡದಲ್ಲಿದ್ದ ಪೀಟರ್ ಬ್ರೌನ್ ಮತ್ತು ರಾಬರ್ಟ್ ಮರ್ಸರ್ 1993ರಲ್ಲಿ ಅಲ್ಲಿಗೆ ಬಂದರು. ವಾಲ್‌ಸ್ಟ್ರೀಟಿನಿಂದ ದೂರ, ಲಾಂಗ್ ಐಲ್ಯಾಂಡಿನ ಪುಟ್ಟ ಊರೊಂದರಲ್ಲಿ ಕುಳಿತ ಈ ಗುಂಪಿನ ಮೆಡಾಲಿಯನ್ ಫಂಡ್ ಶುಲ್ಕ ಕಳೆಯುವ ಮುನ್ನ ಮೂರು ದಶಕ ಕಾಲ ವರ್ಷಕ್ಕೆ ಸರಾಸರಿ ಶೇ 66ರಷ್ಟು ಲಾಭ ತಂದಿತೆಂದು ಸೈಮನ್ಸ್ ಕುರಿತ ಪುಸ್ತಕ ದಾಖಲಿಸಿದೆ.

ಆದರೆ ಬಾಗಿಲು ಹಾಕಿಕೊಂಡು ಒಬ್ಬರೇ ಕೂರಬಹುದೆಂದು ಅಲ್ಲಿಗೆ ಹೋದವರು ಬೆಪ್ಪಾಗುತ್ತಿದ್ದರು. ಎಲ್ಲರ ಕೋಡ್ ಎಲ್ಲರಿಗೂ ತೆರೆದಿರಬೇಕು, ಹೊಸ ಯೋಚನೆಯನ್ನು ಬೇಗನೆ ಸಹೋದ್ಯೋಗಿಗಳ ಮುಂದಿಡಬೇಕು ಎಂಬುದು ಸೈಮನ್ಸ್ ಹಾಕಿದ ಪದ್ಧತಿ. ಕ್ವಾಂಟ್‌ನ ಕಠಿಣ ಗಳಿಗೆ ಅದೇ: ತಿಂಗಳುಗಟ್ಟಲೆ ತಿದ್ದಿ ತೀಡಿದ ಮಾದರಿಯನ್ನು ಬೋರ್ಡಿನ ಮೇಲೆ ಬರೆದು, ಇನ್ನೂ ಬುದ್ಧಿವಂತರು ಅದರಲ್ಲಿ ತೂತು ಹುಡುಕುವಾಗ ನಿಂತು ಉತ್ತರಿಸುವುದು.

ಅಕ್ಷರಶಃ ಒಂಟಿಯಾಗಿ ಕೆಲಸ ಮಾಡಿದವರೂ ಇದ್ದಾರೆ. ವೈದ್ಯಕೀಯ ಓದಿ ಹೂಡಿಕೆಗೆ ಬಂದ ಮೈಕಲ್ ಬರಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಕೋಣೆಯೊಂದರಲ್ಲಿ ಅಡಮಾನ ಸಾಲಪತ್ರಗಳ ನೂರಾರು ಪುಟ ಓದಿ, ಅಮೆರಿಕದ ಗೃಹಸಾಲಗಳು ಮುಳುಗುತ್ತವೆಂದು 2005ರಲ್ಲೇ ಪಣ ಕಟ್ಟಿದರು. ಲೆಕ್ಕ ಸರಿಯಾಗಿತ್ತು, ಫಲ ಸಿಗಲು ಎರಡು ವರ್ಷ ಹಿಡಿಯಿತು. ಆ ಎರಡು ವರ್ಷ ಹಣ ಹಾಕಿದವರು ಮುಗಿಬಿದ್ದರು, ಬಂಡವಾಳ ವಾಪಸ್ ಕೇಳಿದರು. ಎದುರು ಕುಳಿತು ಒಪ್ಪಿಸುವ ಜಾಯಮಾನ ಬರಿಯವರದ್ದಲ್ಲ, ಪತ್ರ ಬರೆಯುವುದೇ ಅವರ ರೀತಿ. ಕೊನೆಗೆ ಹಣವನ್ನು ತಡೆಹಿಡಿಯಬೇಕಾಗಿ ಬಂತು. ಲಾಭ ಬಂದಮೇಲೂ ಸಂಬಂಧಗಳು ಸುಧಾರಿಸಲಿಲ್ಲ, 2008ರಲ್ಲಿ ಫಂಡ್ ಮುಚ್ಚಿದರು.

ರಿಸರ್ಚ್ ಇನ್ನೊಂದು ನೆಮ್ಮದಿಯ ಜಾಗದಂತೆ ಕಾಣುತ್ತದೆ. ವಾರ್ಷಿಕ ವರದಿ ಓದುವುದು, ಎಕ್ಸೆಲ್‌ನಲ್ಲಿ ಮುಂದಿನ ಮೂರು ವರ್ಷದ ಲೆಕ್ಕ ಕಟ್ಟುವುದು, ವರದಿ ಬರೆಯುವುದು. ಆದರೆ ಯಾವ ಬದಿಯ ರಿಸರ್ಚ್ ಎಂದು ಕೇಳಬೇಕು. ಬ್ರೋಕರೇಜ್ ಸಂಸ್ಥೆಯ ವಿಶ್ಲೇಷಕರು ಬೆಳಗಿನ ಸಭೆಯಲ್ಲಿ ಎರಡು ನಿಮಿಷದೊಳಗೆ ತಮ್ಮ ಮಾತು ಮಂಡಿಸಿ, ಆಮೇಲೆ ಫಂಡ್ ಮ್ಯಾನೇಜರ್‌ಗಳಿಗೆ ಸಾಲಾಗಿ ಫೋನ್ ಮಾಡಬೇಕು. ಅವರ ರ‍್ಯಾಂಕು ಗ್ರಾಹಕರ ಮತದ ಮೇಲೆ ನಿಂತಿದೆ. ಫಂಡ್ ಸಂಸ್ಥೆಯೊಳಗಿನ ವಿಶ್ಲೇಷಕರು ಮನವೊಲಿಸಬೇಕಾದ್ದು ತಮ್ಮದೇ ಕಚೇರಿಯ ನಾಲ್ಕೈದು ಜನರನ್ನು ಮಾತ್ರ. ಎರಡೂ ಕಡೆ ಹುದ್ದೆಯ ಹೆಸರು ಒಂದೇ, ದಿನಚರಿ ಅಜಗಜಾಂತರ.

‘ಬೇಡ’ ಎನ್ನಬೇಕಾದವರು

ಫ್ಲೋರ್‌ನ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಬಿಟ್ಟೇಬಿಡುವ ಕುರ್ಚಿಗಳು ರಿಸ್ಕ್, ಪ್ರಾಡಕ್ಟ್ ಕಂಟ್ರೋಲ್, ಸೆಟಲ್‌ಮೆಂಟ್, ಕಂಪ್ಲಯನ್ಸ್. ಮಿತಭಾಷಿಗಳು ಹೆಚ್ಚಾಗಿ ಬಂದು ಸೇರುವುದೂ ಇಲ್ಲಿಗೇ. ಇವು ಎಷ್ಟು ತೂಕದ ಕೆಲಸಗಳೆಂದು ತಿಳಿಯಲು ಅವು ಇಲ್ಲದ ಕಡೆ ಏನಾಯಿತೆಂದು ನೋಡಬೇಕು.

1762ರಲ್ಲಿ ಶುರುವಾದ ಲಂಡನ್ನಿನ ಬ್ಯಾರಿಂಗ್ಸ್ ಬ್ಯಾಂಕ್ 1995ರಲ್ಲಿ ಒಬ್ಬನಿಂದ ಮುಳುಗಿತು. ಸಿಂಗಪುರದಲ್ಲಿ ನಿಕ್ ಲೀಸನ್ ಟ್ರೇಡಿಂಗನ್ನೂ ಮಾಡುತ್ತಿದ್ದ, ಅದರ ಲೆಕ್ಕ ತಾಳೆ ಹಾಕುವ ಬ್ಯಾಕ್ ಆಫೀಸಿಗೂ ಅವನೇ ಯಜಮಾನ. 88888 ಎಂಬ ಖಾತೆಯಲ್ಲಿ ಬಚ್ಚಿಟ್ಟ ನಷ್ಟ ಬೆಳೆಬೆಳೆದು 82 ಕೋಟಿ ಪೌಂಡ್ ದಾಟಿತು. ಅದಕ್ಕೂ ಮೂರು ವರ್ಷ ಮೊದಲು ನಮ್ಮಲ್ಲಿ ಹರ್ಷದ್ ಮೆಹ್ತಾ ಹಗರಣ ಬಯಲಾದದ್ದು, ಸ್ಟೇಟ್ ಬ್ಯಾಂಕಿನ ಸಾಲಪತ್ರಗಳ ಲೆಕ್ಕ ರಿಸರ್ವ್ ಬ್ಯಾಂಕಿನ ಪುಸ್ತಕದೊಂದಿಗೆ ತಾಳೆಯಾಗದೆ ಹೋದಾಗ. ಆ ಹಗರಣದ ಬಳಿಕ ವ್ಯಾಪಾರ ಮಾಡುವವರು, ಸೆಟಲ್‌ಮೆಂಟ್ ನೋಡುವವರು, ಲೆಕ್ಕ ಬರೆಯುವವರು ಬೇರೆಬೇರೆಯೇ ಇರಬೇಕೆಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಕಟ್ಟುನಿಟ್ಟು ಮಾಡಿತು. ಬ್ಯಾಂಕ್ ಟ್ರೆಷರಿಗಳಲ್ಲಿ ಇಂದು ಕಾಣುವ ಫ್ರಂಟ್, ಮಿಡ್, ಬ್ಯಾಕ್ ಆಫೀಸ್ ವಿಂಗಡಣೆಯ ಹಿಂದಿರುವ ತರ್ಕ ಇದೇ.

ಒಳ್ಳೆಯ ಉದಾಹರಣೆಯೂ ಇದೆ. ಪ್ರಾಡಕ್ಟ್ ಕಂಟ್ರೋಲ್‌ನವರು ದಿನದಿನವೂ ಪ್ರತಿ ಡೆಸ್ಕಿನ ಲಾಭ-ನಷ್ಟವನ್ನು, ಟ್ರೇಡರ್ ಹೇಳಿದ್ದನ್ನು ನಂಬದೆ, ಸ್ವತಂತ್ರವಾಗಿ ಲೆಕ್ಕ ಹಾಕುತ್ತಾರೆ. 2006ರ ಡಿಸೆಂಬರಿನಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್‌ನ ಅಡಮಾನ ಡೆಸ್ಕ್ ಸತತ ಹತ್ತು ದಿನ ನಷ್ಟ ತೋರಿಸಿತು. ಮೊತ್ತ ದೊಡ್ಡದಿರಲಿಲ್ಲ, ಆದರೂ ಹಣಕಾಸು ಮುಖ್ಯಸ್ಥ ಡೇವಿಡ್ ವಿನಿಯರ್ ಸಭೆ ಕರೆದರು, ಆ ಸಾಲಪತ್ರಗಳ ಹೊರೆ ಇಳಿಸುವ ತೀರ್ಮಾನವಾಯಿತು. ಮರುವರ್ಷ ಇತರ ಬ್ಯಾಂಕುಗಳು ಅದೇ ಸಾಲಪತ್ರಗಳಲ್ಲಿ ಕೈ ಸುಟ್ಟುಕೊಂಡವು.

ಈ ಸಾಲಿನಲ್ಲಿ ಮಾತಾಡಬೇಕಾದ ಗಳಿಗೆ ಅಪರೂಪಕ್ಕೆ ಬರುತ್ತದೆ, ಬಂದಾಗ ಮಾತ್ರ ಎದೆಗಾರಿಕೆ ಬೇಡುತ್ತದೆ. ಬ್ಯಾಂಕಿಗೆ ಅತಿ ಹೆಚ್ಚು ಲಾಭ ತರುವ, ವಯಸ್ಸಿನಲ್ಲೂ ಸಂಬಳದಲ್ಲೂ ಮೇಲಿರುವ ಟ್ರೇಡರ್ ಎದುರು ನಿಂತು ‘ಸರ್, ನಿಮ್ಮ ಲಿಮಿಟ್ ಮುಗಿದಿದೆ’ ಎನ್ನಬೇಕು. ಅವರು ಗದರುತ್ತಾರೆ. ‘ಐದು ನಿಮಿಷ ಕೊಡಪ್ಪಾ’ ಎಂದು ಪುಸಲಾಯಿಸುತ್ತಾರೆ. ದನಿ ಏರಿಸದೆಯೂ ಜಗ್ಗದೆ ನಿಲ್ಲಬಲ್ಲವರೇ ಇಲ್ಲಿ ಬಾಳುವವರು.

ಟೆಕ್ನಾಲಜಿ ಸಾಲಿನದ್ದೂ ಇದೇ ಪಾಡು. 2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಸಂಸ್ಥೆ ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರ್ ಕಳೆದುಕೊಂಡಿತು. ಎಂಟು ಸರ್ವರ್‌ಗಳ ಪೈಕಿ ಒಂದಕ್ಕೆ ಹೊಸ ಕೋಡ್ ಹಾಕುವುದು ಬಿಟ್ಟುಹೋಗಿ, ಎಂದೋ ಬಳಕೆ ತಪ್ಪಿದ್ದ ಹಳೆಯ ಕೋಡ್ ಜೀವ ತಳೆದಿತ್ತು. ಪೇಟೆ ತೆರೆಯುವ ಮುನ್ನವೇ ಆ ದೋಷದ ಸುಳಿವಿದ್ದ 97 ಇಮೇಲ್‌ಗಳನ್ನು ವ್ಯವಸ್ಥೆ ತಾನಾಗಿಯೇ ಸಿಬ್ಬಂದಿಗೆ ಕಳಿಸಿತ್ತೆಂದು ನಿಯಂತ್ರಕರ ಆದೇಶ ಹೇಳುತ್ತದೆ. ಅವುಗಳ ಮೇಲೆ ಯಾರೂ ಕ್ರಮ ಕೈಗೊಳ್ಳಲಿಲ್ಲ.

ಬೆಂಗಳೂರಿನ ಕುರ್ಚಿಗಳು

1963ರಲ್ಲಿ ಆರಂಭವಾದ ಬೆಂಗಳೂರು ಸ್ಟಾಕ್ ಎಕ್ಸ್‌ಚೇಂಜ್ 2014ರಲ್ಲಿ ಬಾಗಿಲು ಹಾಕಿತು. ಆದರೆ ಟ್ರೇಡಿಂಗ್ ಫ್ಲೋರ್‌ನ ಕೆಲಸ ಊರು ಬಿಡಲಿಲ್ಲ. ಗೋಲ್ಡ್‌ಮನ್ ಸ್ಯಾಕ್ಸ್ 2004ರಲ್ಲಿ ಇಲ್ಲಿ ಕಚೇರಿ ತೆರೆಯಿತು, ಇತರ ಜಾಗತಿಕ ಬ್ಯಾಂಕುಗಳೂ ಬಂದವು. 2010ರಲ್ಲಿ ಇಲ್ಲೇ ಹುಟ್ಟಿದ ಜೆರೋಧಾ ದೇಶದ ದೊಡ್ಡ ಬ್ರೋಕರೇಜ್‌ಗಳಲ್ಲಿ ಒಂದಾಯಿತು. ಲಂಡನ್, ನ್ಯೂಯಾರ್ಕ್ ಡೆಸ್ಕುಗಳ ರಿಸ್ಕ್ ಲೆಕ್ಕ, ಪ್ರಾಡಕ್ಟ್ ಕಂಟ್ರೋಲ್, ಮಾದರಿಗಳ ತಪಾಸಣೆ, ಟ್ರೇಡಿಂಗ್ ಸಾಫ್ಟ್‌ವೇರ್ ಹೊರವರ್ತುಲ ರಸ್ತೆಯ ಕಟ್ಟಡಗಳಲ್ಲೂ ನಡೆಯುತ್ತವೆ. ಅಂದರೆ ಮೌನಿಗಳಿಗೆ ಒಗ್ಗುವ ಕುರ್ಚಿಗಳೇ ಇಲ್ಲಿ ಹೆಚ್ಚು.

ತೊಡಕು ಇರುವುದು ಗಡಿಯಾರದಲ್ಲಿ ಮತ್ತು ಕ್ಯಾಮೆರಾದಲ್ಲಿ. ನ್ಯೂಯಾರ್ಕ್ ಪೇಟೆ ತೆರೆಯುವುದು ನಮ್ಮ ಸಂಜೆ ಏಳಕ್ಕೆ, ಅಲ್ಲಿನ ಚಳಿಗಾಲದಲ್ಲಿ ಎಂಟಕ್ಕೆ. ಹನ್ನೆರಡು ಮುಖಗಳ ವಿಡಿಯೊ ಕಾಲ್‌ನಲ್ಲಿ ಸುಮ್ಮನಿದ್ದವರು ಇಲ್ಲದಂತೆಯೇ ಲೆಕ್ಕ. ಅನುಭವಿಗಳು ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ: ಸಭೆಗೆ ಒಂದು ಗಂಟೆ ಮೊದಲೇ ಒಂದು ಪುಟದ ಟಿಪ್ಪಣಿ ಕಳಿಸಿಬಿಡುವುದು. ಆಗ ಚರ್ಚೆ ಅವರ ಟಿಪ್ಪಣಿಯ ಮೇಲೆ ನಡೆಯುತ್ತದೆ, ಮಾತಿನ ನಡುವೆ ಜಾಗಕ್ಕಾಗಿ ಹೆಣಗಬೇಕಿಲ್ಲ.

ಆರಿಸುವ ಮುನ್ನ

ಯಾರ ಕಾಟವೂ ಬೇಡವೆಂದು ಮನೆಯಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಆಪ್ಷನ್ಸ್ ಆಡುವುದು ಮಿತಭಾಷಿಗಳನ್ನು ಸೆಳೆಯುವ ಅಡ್ಡದಾರಿ. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ತೊಡಗಿದ ಸಾಮಾನ್ಯ ಹೂಡಿಕೆದಾರರಲ್ಲಿ ಶೇ 93ರಷ್ಟು ಜನ ನಷ್ಟ ಅನುಭವಿಸಿದರು, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿತು ಎಂದು ಸೆಬಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. ಎದುರು ಬದಿಯಲ್ಲಿ ಲಾಭ ಮಾಡಿದ ದೊಡ್ಡ ಸಂಸ್ಥೆಗಳ ಗಳಿಕೆಯ ಬಹುಪಾಲು ಬಂದದ್ದು ಕಂಪ್ಯೂಟರ್ ಅಲ್ಗಾರಿದಂಗಳಿಂದ. ಲಿಮಿಟ್ ಮುಗಿಯಿತೆಂದು ಎಚ್ಚರಿಸುವ ರಿಸ್ಕ್ ಮ್ಯಾನೇಜರ್ ಮಲಗುವ ಕೋಣೆಯಲ್ಲಿ ಇರುವುದಿಲ್ಲ.

ಸಂಸ್ಥೆಯೊಳಗೆ ಸೇರಬಯಸುವವರಿಗೆ, ಷೇರುಪೇಟೆಯ ಕೆಲಸಗಳಿಗೆಂದೇ ನಡೆಯುವ ಎನ್‌ಐಎಸ್‌ಎಂ ಪರೀಕ್ಷೆಗಳು ಮೊದಲ ಮೆಟ್ಟಿಲು. ಡೆರಿವೇಟಿವ್ಸ್ ಡೀಲಿಂಗ್‌ಗೆ 8ನೇ ಸರಣಿ, ಸೆಟಲ್‌ಮೆಂಟ್ ಮತ್ತು ರಿಸ್ಕ್ ಕೆಲಸಕ್ಕೆ 7ನೆಯದು, ರಿಸರ್ಚ್‌ಗೆ 15ನೆಯದು. ಮೂರರ ಪಠ್ಯವನ್ನೂ ತಿರುವಿ ಹಾಕಿದರೆ ಯಾವುದನ್ನು ಓದುವಾಗ ಹೊತ್ತು ಹೋದದ್ದು ತಿಳಿಯಲಿಲ್ಲ ಎಂಬುದರಿಂದಲೇ ಒಂದು ಅಂದಾಜು ಸಿಗುತ್ತದೆ. ಕ್ವಾಂಟ್ ಸಂಸ್ಥೆಗಳ ಸಂದರ್ಶನ ಬೇರೆ ಬಗೆಯದು. ಅಲ್ಲಿ ಬಾಯಿಲೆಕ್ಕ, ಸಂಭವನೀಯತೆಯ ಒಗಟುಗಳಿರುತ್ತವೆ. ಅಮೆರಿಕದ ಸಸ್ಕ್ವೆಹಾನಾ ಸಂಸ್ಥೆ ಹೊಸಬರಿಗೆ ಪೋಕರ್ ಆಡಿಸಿಯೇ ತರಬೇತಿ ಕೊಡುತ್ತದೆ. ಕೈಯಲ್ಲಿರುವ ಎಲೆಗೆ ಎಷ್ಟು ಪಣ ಕಟ್ಟಬೇಕೆಂದು ತೂಗುವುದರ ಜೊತೆಗೆ, ಎದುರಿನವರು ಏನು ತಿಳಿದುಕೊಂಡಿರಬಹುದು ಎಂದು ಊಹಿಸುವ ಅಭ್ಯಾಸವೂ ಅದರಿಂದ ಆಗುತ್ತದೆ.

ಇಂಟರ್ನ್‌ಶಿಪ್ ಸಿಕ್ಕವರು ಒಂದೇ ಡೆಸ್ಕಿಗೆ ಅಂಟಿಕೊಳ್ಳದೆ ಎರಡು ಮೂರು ಕಡೆ ಕೂರಲು ಅವಕಾಶ ಕೇಳುವುದು ವಾಡಿಕೆ, ಬಹಳಷ್ಟು ಮ್ಯಾನೇಜರ್‌ಗಳು ಇಲ್ಲವೆನ್ನುವುದಿಲ್ಲ. ಹಾಗೆ ಕುಳಿತಾಗ ಅಲ್ಲಿನ ಕಿರಿಯರನ್ನು ಕೇಳಬೇಕಾದ ಪ್ರಶ್ನೆಗಳು ಸರಳ. ದಿನದಲ್ಲಿ ಎಷ್ಟು ಸಲ ಕೆಲಸದ ನಡುವೆ ಎದ್ದು ಉತ್ತರ ಕೊಡಬೇಕಾಗುತ್ತದೆ? ನಿರ್ಧಾರಕ್ಕೆ ಸಿಗುವುದು ಸೆಕೆಂಡೋ, ದಿನವೋ, ವಾರವೋ? ತಪ್ಪಾದರೆ ಮೊದಲು ಯಾರಿಗೆ ಹೇಳಬೇಕು, ಹೇಳಿದವರಿಗೆ ಏನಾಯಿತು? ಹಿಂದಿನ ಬಾರಿ ಮೇಲಿನವರಿಗೆ ‘ಬೇಡ’ ಎಂದವರು ಯಾರು, ಅವರು ಈಗ ಎಲ್ಲಿದ್ದಾರೆ? ಕೊನೆಯ ಪ್ರಶ್ನೆಗೆ ಬರುವ ಉತ್ತರವನ್ನು ವಿಶೇಷವಾಗಿ ಗಮನಿಸಬೇಕು. ಹಾಗೆಂದವರು ಇನ್ನೂ ಅದೇ ಡೆಸ್ಕಿನಲ್ಲಿದ್ದು ಬಡ್ತಿಯನ್ನೂ ಪಡೆದಿದ್ದರೆ ಅರ್ಜಿಯಲ್ಲಿ ಆ ಡೆಸ್ಕಿನ ಹೆಸರನ್ನು ಮೊದಲ ಆಯ್ಕೆಯಾಗಿ ಬರೆಯಬಹುದು. ಪ್ರಶ್ನೆ ಕೇಳಿದೊಡನೆ ಸುತ್ತಲಿನವರು ಮುಖ ಮುಖ ನೋಡಿಕೊಂಡರೆ ಪಟ್ಟಿಯಲ್ಲಿರುವ ಇನ್ನೊಂದು ಡೆಸ್ಕಿನತ್ತ ಹೊರಳುವುದು ಜಾಣತನ, ಅಲ್ಲಿನ ಸಂಬಳ ಎಷ್ಟೇ ಇರಲಿ.